ನೀರಿನ ಮಾತ್ರೆ

ಮನೆ, ಅಡುಗೆಮನೆಯ ಮೇಜು
ತಾರೀಖು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಹೇಗಿದ್ದೀಯ? ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲನ್ನು ದಿನಕ್ಕೆಷ್ಟು ಸಲ ಹತ್ತಿಳಿಯುತ್ತೀಯೋ, ಕೇಳಿದರೆ ನಿಜ ಹೇಳುವವಳಲ್ಲ ನೀನು. ಬಾಣಂತಿಗೆ ನಿದ್ದೆ ಸಿಗುತ್ತಿದೆಯೇ? ಕೂಸಿಗೆ ನನ್ನದೇ ಮೂಗು ಎಂದೆಯಲ್ಲ, ಅದು ನನ್ನನ್ನು ಖುಷಿಪಡಿಸಲು ಹೇಳಿದ್ದೋ ನಿಜವೋ, ಕಣ್ಣಾರೆ ನೋಡಿಯೇ ತೀರ್ಮಾನಿಸುತ್ತೇನೆ. ಫೋನ್ ಇರುವಾಗ ಈ ಮನುಷ್ಯ ಕಾಗದ ಬರೆಯಲು ಯಾಕೆ ಕುಳಿತ ಎಂದು ನಿನ್ನ ಹುಬ್ಬು ಮೇಲೇರಿರುತ್ತದೆ. ಅಲ್ಲಿ ಮಗಳು ಫೋನನ್ನು ಸ್ಪೀಕರಿಗೆ ಹಾಕುತ್ತಾಳೆ, ಅಳಿಯ ಪೇಪರ್ ಓದುವವನಂತೆ ಕುಳಿತು ಕಿವಿಯನ್ನೆಲ್ಲ ಇತ್ತ ಇಟ್ಟಿರುತ್ತಾನೆ. ಪುಟ ಮಗುಚುವ ಸದ್ದೇ ಕೇಳುವುದಿಲ್ಲ, ನಾನು ಗಮನಿಸಿದ್ದೇನೆ. ಇದು ನಿನ್ನೊಬ್ಬಳಿಗೇ ಹೇಳುವ ವಿಷಯ.

ಬಿಪಿಗೆಂದು ಡಾಕ್ಟರಮ್ಮ ಬರೆದುಕೊಟ್ಟ ಆ ನೀರಿನ ಮಾತ್ರೆಯನ್ನು ನೀನು ಬಾಣಂತನಕ್ಕೆ ಹೊರಟ ಮಾರನೆಯ ದಿನವೇ ನಿಲ್ಲಿಸಿಬಿಟ್ಟೆ. ದಿನಾ ಫೋನಿನಲ್ಲಿ ನೀನು "ಮಾತ್ರೆ ತಗೊಂಡ್ರಾ?" ಅಂದಾಗ ನಾನು "ಹೂಂ" ಅಂದೆನಲ್ಲ, ಆ ಹೂಂ ಅಷ್ಟೂ ಸುಳ್ಳು. ಬೈಯಬೇಡ, ಪೂರ್ತಿ ಓದು. ಅದನ್ನು ನುಂಗಿದರೆ ಗಳಿಗೆಗೊಮ್ಮೆ ಒಂದಕ್ಕೆ ಓಡಬೇಕು. ಆಫೀಸಿನ ಕುರ್ಚಿಯಲ್ಲಿ ಕೂರುವವರಿಗೆ ಅದೇನೂ ದೊಡ್ಡದಲ್ಲ. ಬಸ್ಸಿನಿಂದ ಬಸ್ಸಿಗೆ ಹತ್ತಿ ಟಿಕೆಟ್ ಚೆಕ್ ಮಾಡುವ ನಾನು ಎಲ್ಲಿಗೆ ಓಡಲಿ? ನೀನು ಹೊರಡುವ ಹಿಂದಿನ ವಾರ, ಅರ್ಧ ದಾರಿಯಲ್ಲಿ ಬಸ್ಸು ನಿಲ್ಲಿಸಿಕೊಂಡು ಗೋಡೆ ಹುಡುಕಿಕೊಂಡು ಓಡಿದ್ದೆ. ಟಿಕೆಟ್ ಇಲ್ಲದೆ ಆಗತಾನೇ ಸಿಕ್ಕಿಬಿದ್ದಿದ್ದ ಆಸಾಮಿ ಕಿಟಕಿಯಿಂದ ತಲೆ ಹೊರಗೆ ಹಾಕಿ "ನಿಧಾನಕ್ಕೆ ಹೋಗ್ಬನ್ನಿ ಸಾರ್, ನಾವೇನೂ ಓಡಿಹೋಗಲ್ಲ" ಅಂದ. ಇಡೀ ಬಸ್ಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಡ್ರೈವರ್ ಕೂಡ ನಕ್ಕ, ನನ್ನ ಜೊತೆ ದಿನಾ ಟೀ ಕುಡಿಯುವವನು. ವಾಪಸ್ ಹತ್ತಿದ ಮೇಲೆ ಆ ಆಸಾಮಿಗೆ ದಂಡ ಹಾಕುವ ಮುಖ ನನಗಿರಲಿಲ್ಲ. ಅವತ್ತು ಮನೆಗೆ ಬಂದು ಊಟ ಬೇಡವೆಂದು ಮಲಗಿದ್ದು ಅಜೀರ್ಣದಿಂದಲ್ಲ.

ಇನ್ನೊಂದು ಕಾರಣವೂ ಇತ್ತು. ಡಾಕ್ಟರಮ್ಮನ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಅವರ ಕೈಯಲ್ಲಿರುವ ಪೆನ್ನು ನೋಡಿದ್ದೀಯಾ? ಅದರ ಮೇಲೆ ಆ ಮಾತ್ರೆಯದೇ ಹೆಸರು. ಪೆನ್ನು ಬಿಟ್ಟಿ ಕೊಟ್ಟವರು ಬೇರೇನು ಕೊಟ್ಟಿರಬಹುದು ಎಂದು ನನ್ನ ತಲೆ ಓಡಿತು. ಇನ್ನು ಮೂಲೆಯ ಮೆಡಿಕಲ್ ಸ್ಟೋರಿನವನು, ನಾನು ಅತ್ತ ಹಾದರೆ ಸಾಕು, "ಅಕ್ಕ ಇಲ್ಲ ಅಂತ ಮಾತ್ರೆ ಮರೀತಿಲ್ಲ ತಾನೇ ಸಾರ್?" ಎನ್ನುತ್ತಾನೆ. ಅವನನ್ನು ಬೇಹಿಗೆ ಬಿಟ್ಟು ಹೋದವಳು ನೀನೇ, ಇಲ್ಲವೆನ್ನಬೇಡ. ಅವನ ಬಾಯಿ ಮುಚ್ಚಿಸಲೆಂದೇ ಪ್ರತಿ ಸಲವೂ ಮಾತ್ರೆ ಕೊಂಡು ತಂದು ಶೂ ಡಬ್ಬದೊಳಗೆ ತುರುಕುತ್ತಿದ್ದೆ. ಅತ್ತ ಚೆಕಪ್ಪಿಗೆ ಹೋದಾಗಲೆಲ್ಲ ಬಿಪಿ ಮೇಲೆಯೇ. ಡಾಕ್ಟರಮ್ಮ ಮಾತ್ರೆಯ ಪವರ್ ಏರಿಸಿದರು. ಆಮೇಲೆ ಅದಕ್ಕೆ ಇನ್ನೊಂದು ಮಾತ್ರೆ ಜೊತೆ ಮಾಡಿದರು. ನುಂಗದ ಮಾತ್ರೆ ದೊಡ್ಡದಾಗುತ್ತಾ ಹೋಯಿತು ನೋಡು! ಕೊನೆಗೆ, "ಇಷ್ಟು ಕೊಟ್ರೂ ಇಳೀತಿಲ್ಲ ಅಂದ್ರೆ ಒಳಗೆ ಬೇರೇನೋ ಇರ್ಬೇಕು" ಎಂದು ರಕ್ತಪರೀಕ್ಷೆಗೆ ಬರೆದರು. ನನಗೂ ಆಗೀಗ ತಲೆ ಸುತ್ತಿ ಬಂದು ಟಿಕೆಟ್ಟಿನ ಅಕ್ಷರ ಮಂಜಾಗುತ್ತಿತ್ತು. ಬಾಯಿ ಬಿಡೋಣವೆಂದರೆ ಆ ಗೋಡೆಯ ಕಥೆಯನ್ನೂ ಹೇಳಬೇಕು, ಚೀಟಿ ಹಿಡಿದುಕೊಂಡು ಮನೆಗೆ ಬಂದುಬಿಡುತ್ತಿದ್ದೆ.

ನಾನು ಬಸ್ಸಿನಲ್ಲಿ ಯಾರನ್ನೂ "ಟಿಕೆಟ್ ತಗೊಂಡಿದ್ದೀರಾ?" ಎಂದು ಕೇಳುವುದಿಲ್ಲ, ನಿನಗೆ ಗೊತ್ತು. "ಎಲ್ಲಿ ಹತ್ತಿದ್ರಿ?" ಎಂದಷ್ಟೇ ಕೇಳುತ್ತೇನೆ. ಟಿಕೆಟ್ ಇಲ್ಲದವನು ಅಲ್ಲೇ ತಡವರಿಸುತ್ತಾನೆ. ಹೋದ ವಾರ ರಿಪೋರ್ಟ್ ತೋರಿಸಲು ಹೋದಾಗ ಡಾಕ್ಟರಮ್ಮನೂ ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಲಿಲ್ಲ. "ಬೆಳಿಗ್ಗೆ ಹೊತ್ತು ಪದೇ ಪದೇ ಬಾತ್‌ರೂಮಿಗೆ ಹೋಗ್ಬೇಕಾಗತ್ತಾ? ಕೆಲಸಕ್ಕೆ ತೊಂದರೆ ಆಗ್ತಿದೆಯಾ?" ಎಂದರು. ನಮ್ಮ ಮಗಳ ವಯಸ್ಸಿನ ಹೆಣ್ಣುಮಗಳ ಎದುರು ಆ ಮಾತು ಹೇಗೆ ಆಡುವುದು? "ಛೆ ಛೆ, ಅಂಥದ್ದೆಲ್ಲ ಏನೂ ಇಲ್ಲಮ್ಮ" ಎಂದೆ, ಎದೆಯುಬ್ಬಿಸಿಕೊಂಡು ಬೇರೆ. ಅವರು ಪೆನ್ನು ಕೆಳಗಿಟ್ಟರು. "ಇಷ್ಟು ಪವರ್‌ದು ತಗೊಂಡೂ ಏನೂ ಇಲ್ವಾ?" ಎಂದು ನನ್ನ ಮುಖವನ್ನೇ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು ಕಣೇ, ಅದು ನನ್ನದೇ ನೋಟ. ಟಿಕೆಟ್ ಇಲ್ಲದವರು ಹೇಳುವುದೆಲ್ಲ ನನ್ನ ನಾಲಿಗೆಯ ತುದಿಗೆ ಬಂತು. ಈಗ ತಗೊಳ್ಳೋನಿದ್ದೆ, ಜೇಬಲ್ಲೇ ಇತ್ತು, ಎಲ್ಲೋ ಬಿದ್ದುಹೋಯ್ತು. ಎಲ್ಲವನ್ನೂ ಪಕ್ಕಕ್ಕಿಟ್ಟೆ. ಮೂಲೆಯಲ್ಲಿದ್ದ ತೂಕದ ಯಂತ್ರವನ್ನು ನೋಡುತ್ತಾ, "ನಂಗೆ ಆ ಮಾತ್ರೆ ಬೇಡಮ್ಮ, ನಾನು ತಗೊಳ್ತಾನೇ ಇಲ್ಲ" ಎಂದೆ. ಬಸ್ಸು, ಗೋಡೆ, ಆ ಆಸಾಮಿಯ ಮಾತು, ಎಲ್ಲ ಹೇಳಿದೆ.

ಬೈದಿದ್ದರೆ ಅಲ್ಲೇ ನಂಬಿಬಿಡುತ್ತಿದ್ದೆ. ಅವರು ಬೈಯಲಿಲ್ಲ, ಅದೇ ನನಗೆ ಅನುಮಾನ. "ನಿಮ್ಮ ಕೆಲಸ ಏನು ಅಂತ ಮೊದಲ ದಿನವೇ ನಾನು ಕೇಳ್ಬೇಕಿತ್ತು, ಬೇಡ ಅಂತ ನೀವೂ ಹೇಳ್ಬೇಕಿತ್ತು. ಬೇರೆ ಮಾತ್ರೆಗಳು ಇವೆಯಲ್ಲ" ಎಂದರು. ಆಮೇಲೆ ಸ್ವಲ್ಪ ಗಟ್ಟಿ ದನಿಯಲ್ಲಿ, "ನಾಳೆ ಮನೆಯವ್ರು ಬಂದು ಚೀಟೀಲಿ ಬರೆದಿರೋದನ್ನೆಲ್ಲ ಒಟ್ಟಿಗೆ ನುಂಗಿಸಿದ್ರೆ ಬಿಪಿ ದಡಕ್ಕಂತ ಇಳಿದು ಬಸ್ಸಲ್ಲೇ ಬೀಳ್ತಿದ್ರಿ" ಎಂದರು. ನೀನು ಬಂದವಳೇ ಅದನ್ನೇ ಮಾಡುತ್ತಿದ್ದೆ, ನೀರಿನ ಲೋಟ ಹಿಡಿದುಕೊಂಡು ನಿಂತು. ಹಳೆಯದನ್ನೆಲ್ಲ ಹೊಡೆದುಹಾಕಿ ಹೊಸ ಮಾತ್ರೆ ಬರೆದರು. ಇದರಿಂದ ಏನಾಗುತ್ತದೆ, ನಿದ್ದೆ ಬರುತ್ತದೆಯೇ, ಕೆಮ್ಮು ಬರುತ್ತದೆಯೇ ಎಂದು ಜಾಲಾಡಿದೆ. ಕಾಲು ಊದಬಹುದಂತೆ, ಊದಿದರೆ ಬಂದು ಹೇಳಬೇಕಂತೆ, ನಾನೇ ನಿಲ್ಲಿಸಿ ಕೂರಬಾರದಂತೆ. ಇದೂ ಪೆನ್ನಿನ ಕಂಪನಿಯದೇನಾ ಎಂದು ಕೇಳಿಯೇಬಿಟ್ಟೆ. ಅವರು ಪೆನ್ನು ತಿರುಗಿಸಿ ನೋಡಿ, "ಅಯ್ಯೋ, ಇದ್ರ ಮೇಲೆ ಹೆಸರಿದೆಯಾ!" ಎಂದು ನಕ್ಕರು. ಅರ್ಧ ನಂಬಿದ್ದೇನೆ. ಹೊಸ ಮಾತ್ರೆಯನ್ನು ದಿನಾ ನುಂಗುತ್ತಿದ್ದೇನೆ, ಈ ಸಲ ನಿಜವಾಗಿಯೂ. ನಂಬಿಕೆ ಬಾರದಿದ್ದರೆ ನಿನ್ನ ಬೇಹುಗಾರನನ್ನೇ ಕೇಳು, ಚೀಟಿಯ ಅಕ್ಷರ ಅಕ್ಷರವನ್ನೂ ಡಬ್ಬಿಯ ಮೇಲಿನ ಹೆಸರಿಗೆ ಹೊಂದಿಸಿ ನೋಡಿ ಅವನ ತಲೆ ತಿಂದಿದ್ದೇನೆ.

ಇಲ್ಲಿಯ ಚಿಂತೆ ನಿನಗೆ ಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಡುಗೆ ಹೇಗೋ ನಡೆಯುತ್ತಿದೆ, ಗಿಡಗಳಿಗೆ ನೀರು ಹಾಕುತ್ತಿದ್ದೇನೆ. ಮಗಳು ಪೂರ್ತಿ ಚೇತರಿಸಿಕೊಳ್ಳುವವರೆಗೆ ನೀನು ಅಲ್ಲೇ ಇರು, ಅವಸರ ಮಾಡಿಕೊಂಡು ಬರುವುದು ಬೇಡ. ಮಗಳಿಗೂ ಕೂಸಿಗೂ ನನ್ನ ಆಶೀರ್ವಾದ, ಅಳಿಯನನ್ನು ಕೇಳಿದೆನೆಂದು ಹೇಳು. ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ.

ಇಂತಿ ನಿನ್ನ
ಮನೆಯವನು

ಮತ್ತೆ: ಅಂಚೆ ಡಬ್ಬದ ಮುಂದೆ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ರಕ್ತಪರೀಕ್ಷೆಯಲ್ಲಿ ಏನು ಬಂತೆಂದು ಬರೆಯಲೇ ಇಲ್ಲ. ಕಿಡ್ನಿಗೆ ಸ್ವಲ್ಪ ಪೆಟ್ಟು ಬಿದ್ದಂತಿದೆಯಂತೆ. ಮೊದಲೇ ಇತ್ತೋ, ನಾನು ಮಾತ್ರೆ ಬಿಟ್ಟು ಕೂತದ್ದಕ್ಕೆ ಆಯಿತೋ, ತಿಂಗಳ ಕೊನೆಗೆ ಇನ್ನೊಮ್ಮೆ ನೋಡಿಯೇ ಹೇಳಬೇಕಂತೆ. ಬರುವಾಗ ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದರು. "ಅವಳಿಗೆ ಬರೋಕಾಗಲ್ಲ, ಒಬ್ನೇ ಬರ್ತೀನಿ, ನಂಗೇನೂ ಹೆದರಿಕೆ ಇಲ್ಲ" ಎಂದುಬಿಟ್ಟೆ. ಹೆದರಿಕೆ ಇದೆ ಕಣೇ. ಬರುವುದು ಬೇಡ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ನಂಬಬೇಡ. ಬಾ.