ಬೆರಳಿಡುವ ಜಾಗ

ಹುಬ್ಬಳ್ಳಿ,
ಫೆಬ್ರವರಿ 30, 2161

ಧಾರವಾಡದ ಸುನಂದಾ ಹಡಗಲಿಯವರಿಗೆ ನಮಸ್ಕಾರ.

ತಾರೀಖು ತಪ್ಪಿ ಬರೆದದ್ದಲ್ಲ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಪಾಪ, ಆ ಒಂದು ತಿಂಗಳಿಗೆ ನಿಮ್ಮವರು ಯಾಕೆ ಅಷ್ಟು ಕೈ ಬಿಗಿ ಹಿಡಿದರೋ ಕಾಣೆ. ನನ್ನ ಕನ್ನಡದಲ್ಲಿ ನೀವು ಕೇಳದ ಮಾತು ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ, ಉತ್ತರ ತರಿಸುವ ದಾರಿಯಿಲ್ಲ. ಹೆಚ್ಚಿನವರು ಅದನ್ನು ತೀರಿಕೊಂಡ ತಮ್ಮವರಿಗೆ ಬರೆಯುತ್ತಾರೆ. ನನಗೂ ಬರೆಯಬೇಕಾದ ಒಬ್ಬ ಅಜ್ಜಿಯಿದ್ದಳು. ಆದರೂ ಗುರುತು ಪರಿಚಯವಿಲ್ಲದ ನಿಮಗೆ ಬರೆಯುತ್ತಿದ್ದೇನೆ, ಯಾಕೆಂದರೆ ನಾಳೆ ಹತ್ತು ಗಂಟೆಗೆ ನಿಮ್ಮ ಪುಸ್ತಕದ ತೀರ್ಮಾನವಿದೆ.

ಪುಸ್ತಕ 'ಸಿಡಿಲಕ್ಕ' ಕಾಮಿಕ್ಸಿನ ಏಳನೆಯ ಸಂಚಿಕೆ. ಮೊದಲ ಪುಟದ ಮೂಲೆಯಲ್ಲಿ ನೀಲಿ ಶಾಯಿಯಲ್ಲಿ ನಿಮ್ಮ ಹೆಸರು, ಊರು. ಈಗ ನಮ್ಮ ಕೈಗೆ ಬಂದಿರುವ ಅದು, ನಿಮ್ಮ ಕಾಲದಲ್ಲಿ ಇನ್ನೂ ನಿಮ್ಮ ಕಪಾಟಿನಲ್ಲೇ ಇದೆ ಎಂದುಕೊಂಡಿದ್ದೇನೆ. ಹಗಲು ಬಸ್ಸಿನಲ್ಲಿ ಟಿಕೆಟ್ ಹರಿಯುವ, ಆಪತ್ತು ಬಂದಾಗ ಅದೇ ಖಾಕಿ ಅಂಗಿಯಲ್ಲಿ ಹಾರುವ ಆ ಕಂಡಕ್ಟರಮ್ಮನನ್ನು ನಿಮಗೆ ನಾನೇನು ಪರಿಚಯಿಸಲಿ? ಹತ್ತೊಂಬತ್ತನೆಯ ಪುಟವನ್ನಷ್ಟೇ ನೆನಪಿಸುತ್ತೇನೆ. ನೀರಿನ ಟ್ಯಾಂಕಿನ ತುದಿಯಿಂದ, ಬಸ್ಸಿಗೆ ಬೆಂಕಿಯಿಟ್ಟ ದುರುಳ ಜೋತುಬಿದ್ದಿದ್ದಾನೆ. ಅವನ ಮಣಿಕಟ್ಟು ಅಕ್ಕನ ಕೈಯಲ್ಲಿದೆ. ಪಕ್ಕದ ಚೌಕದಲ್ಲಿ ಅವಳ ಬರಿಗೈ. ನಡುವೆ ಬೆರಳಗಲದ ಬಿಳಿ ಸಂದು. ಅವಳೇ ಬಿಟ್ಟಳೋ, ಅವನೇ ಕೊಸರಿಕೊಂಡನೋ, ಬೆವರಿಗೆ ಜಾರಿತೋ, ಪುಸ್ತಕ ಹೇಳುವುದಿಲ್ಲ.

ಸಿನಿಮಾ ಹೇಳಿತು. ನಾನು ಸಿನಿಮಾವನ್ನು ಹಳಿಯುವವಳಲ್ಲ; ಆ ಟ್ಯಾಂಕಿನ ಎತ್ತರ, ಆ ಗಾಳಿ, ಜನರ ಸಿಳ್ಳೆ, ಅದನ್ನೆಲ್ಲ ಕಾಗದ ಕೊಡಲಾರದು. ಆದರೆ ಖಾಕಿ ತೆಗೆದು ಮಿರಿಮಿರಿ ಚರ್ಮದ ದಿರಿಸು ಹಾಕಿದರು, ನಾಯಕಿಗೆ ಕಳಂಕ ಬರಬಾರದೆಂದು ದುರುಳನೇ ಕೈ ಬಿಡಿಸಿಕೊಂಡು ಬೀಳುವಂತೆ ಮಾಡಿದರು. ಧಾರಾವಾಹಿಯವರಂತೂ ಆ ಒಂದು ಕೈಯನ್ನು ಹನ್ನೊಂದು ಕಂತು ಎಳೆದರು. ಅಷ್ಟು ಹೊತ್ತು ಜೋತುಬಿದ್ದವನಿಗೆ ಹಸಿವಾಗಲಿಲ್ಲವೇ ಎಂದು ನನ್ನ ಅಜ್ಜಿ ಕೇಳುತ್ತಿದ್ದಳು. ಈಗ ನಮ್ಮಲ್ಲಿರುವುದು ಮೈತೆರೆ, ಅಂದರೆ ಮೈಮೇಲೆ ಹೊದ್ದು ನೋಡುವ ಸಿನಿಮಾ. ಅದರಲ್ಲಿ ದುರುಳನ ಬೆವರು ನಮ್ಮ ಅಂಗೈಗೇ ತಾಕುತ್ತದೆ. ಜಾರಿತು ಎಂದು ಅಂಗೈಯೇ ಹೇಳಿದ ಮೇಲೆ ಮನಸ್ಸಿಗೆ ಕೆಲಸವಿಲ್ಲ.

ಅಜ್ಜಿ ಬಾಳವ್ವನ ಹತ್ತಿರ ಅದೇ ಸಂಚಿಕೆಯ ಇನ್ನೊಂದು ಪ್ರತಿಯಿತ್ತು. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದುವಾಗ ಆ ಬಿಳಿ ಸಂದಿನಲ್ಲಿ ಬೆರಳಿಟ್ಟು ನಿಲ್ಲುತ್ತಿದ್ದಳು. "ಈಗ ಏನಾತು, ಹೇಳ ನೋಡೂಣು?" ಒಂದು ದಿನ ನಾನು ಜಾರಿತು ಎನ್ನುತ್ತಿದ್ದೆ. ಗೆಳತಿಯ ಮೇಲೆ ಸಿಟ್ಟಿದ್ದ ದಿನ, ಬಿಟ್ಟಳು ಎನ್ನುತ್ತಿದ್ದೆ. ಅಜ್ಜಿ ಸರಿ ಎಂದೂ ಅನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ. ಪುಟ ತಿರುವುತ್ತಿದ್ದಳು.

ದೊಡ್ಡವಳಾಗಿ ನಾನು ಹಾಳೆಮನೆಗೆ ಸೇರಿದೆ. ಹಳೆಯ ಕಾಗದ ದುರಸ್ತಿ ಮಾಡುವ ಮನೆ ಅದು. ಅಲ್ಲಿ ತುಂಬುಗಣ್ಣು ಎಂಬ ಯಂತ್ರವಿದೆ. ಅಳಿಸಿಹೋದ ಚಿತ್ರವನ್ನು ಊಹಿಸಿ ತುಂಬುವುದು ಅದರ ಕೆಲಸ. ಅದಕ್ಕೆ ಪಾಠ ಹೇಳಿದ್ದು ಸಿನಿಮಾಗಳಿಂದ. ಹಾಗಾಗಿ ಚೌಕ ಚೌಕಗಳ ನಡುವಿನ ಬಿಳಿ ಕಂಡರೆ ಅದಕ್ಕೆ ಕಳೆದುಹೋದ ದೃಶ್ಯವೆಂದೇ ಲೆಕ್ಕ. ನಮಗೂ ಹಾಗೇ ಅನ್ನಿಸಿತು. ನಾವು ಸಂದುಗಳನ್ನೆಲ್ಲ ಪ್ರೀತಿಯಿಂದ ತುಂಬಿದೆವು. ನಾನು ಮೊಟ್ಟಮೊದಲು ತುಂಬಿಸಿದ್ದು ಅಜ್ಜಿಯ ಪುಸ್ತಕವನ್ನು, ಅವಳ ಹುಟ್ಟುಹಬ್ಬಕ್ಕೆ. ಅವಳು ಹತ್ತೊಂಬತ್ತನೆಯ ಪುಟ ತೆಗೆದು ಬಹಳ ಹೊತ್ತು ನೋಡಿದಳು. "ಚಂದ ಮಾಡೀಯವ್ವಾ," ಎಂದಳು. "ಆದ್ರ ನಾ ಇನ್ನ ಬೆರಳ ಎಲ್ಲಿ ಇಡ್ಲಿ?"

ಆ ಚಳಿಗಾಲದಲ್ಲೇ ಹೋದಳು. ಅವಳಿಗೆ ಆ ಪುಸ್ತಕ ಮತ್ತೆ ಬೇಕಾಗಲಿಲ್ಲ. ನನಗೆ ಈಗಲೂ ನಾಚಿಕೆಯಾಗುತ್ತದೆ.

ಏಳನೆಯ ಸಂಚಿಕೆಯಲ್ಲಿ ತುಂಬದೆ ಉಳಿದಿರುವುದು ನಿಮ್ಮ ಪ್ರತಿ ಒಂದೇ. ಅದನ್ನೂ ತುಂಬಬೇಕೋ ಬೇಡವೋ ಎಂಬುದೇ ನಾಳಿನ ತೀರ್ಮಾನ. ಸಂದು ಬೇಕೆಂದೇ ಬಿಟ್ಟದ್ದು ಎಂದು ವಾದಿಸಿದೆ. ಮೇಲ್ವಿಚಾರಕ ಈರಪ್ಪ ಹಾವನೂರರು ಕೆಟ್ಟವರಲ್ಲ. "ತಂಗೀ, ಖರೇ ಇರಬಹುದು, ಪುರಾವೆ ಏನೈತಿ?" ಎಂದರು. ಪುರಾವೆ ಎಲ್ಲಿಂದ ತರಲಿ? ನೀವು ಪುಸ್ತಕಕ್ಕೆ ಪ್ಲಾಸ್ಟಿಕ್ ತೊಡಿಸಿ, ಒಂದು ಮಡಿಕೆಯೂ ಬೀಳದಂತೆ ಇಟ್ಟಿದ್ದೀರಿ. ಓದಿದ ಗುರುತೇ ಇಲ್ಲ. ಕೂತಲ್ಲಿ ಕೂಡಲಾಗದೆ, ನಿಂತಲ್ಲಿ ನಿಲ್ಲಲಾಗದೆ ಬೆಳಗಿನಿಂದ ಮೂರು ಸಲ ಅದನ್ನು ತೆಗೆದು ನೋಡಿದ್ದೇನೆ. 'ಇಲ್ಲಿ ಏನೂ ಇರಲಿಲ್ಲ' ಎಂದು ಆ ಸಂದಿನಲ್ಲಿ ಬರೆದಿಡಿ ಎಂದು ನಿಮ್ಮನ್ನು ಕೇಳಹೊರಟಿದ್ದೆ. ಅರ್ಧ ಬರೆದ ಮೇಲೆ ಹೊಳೆಯಿತು, ಹಾಗೆ ಬರೆದರೆ ನೀವೂ ತುಂಬಿದಂತೆಯೇ ಆಯಿತು. ಆ ಹಾಳೆ ಹರಿದು ಇದನ್ನು ಬರೆಯುತ್ತಿದ್ದೇನೆ.

ಹಾಳೆಮನೆಯಲ್ಲಿ ಒಂದು ನಿಯಮವಿದೆ. ಎಣ್ಣೆ ಹೀರಿದ ಕಾಗದದಲ್ಲಿ ಶಾಯಿ ಅಳಿಯುವುದಿಲ್ಲ. ಎಣ್ಣೆಯ ಕೆಳಗೆ ಶಾಯಿ ಇಲ್ಲವೆಂದರೆ ಅಲ್ಲಿ ಎಂದೂ ಇರಲಿಲ್ಲ. ಅಂಥ ಜಾಗವನ್ನು ತುಂಬುಗಣ್ಣು ಮುಟ್ಟುವಂತಿಲ್ಲ.

ಆದ್ದರಿಂದ, ಸುನಂದಾ ಅವರೇ, ನಿಮ್ಮ ಕಾಲಿಗೆ ಬೀಳುತ್ತೇನೆ, ಆ ಪ್ಲಾಸ್ಟಿಕ್ ತೆಗೆಯಿರಿ. ಗಿರಮಿಟ್ಟು, ಎಣ್ಣೆ ಒಸರುವ ಬಿಸಿ ಮಿರ್ಚಿ ಭಜಿ ತರಿಸಿಕೊಳ್ಳಿ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಿಮಗೆ ಬಾಯಿಗೆ ಮಿರ್ಚಿ ಮೊದಲು, ಆಮೇಲೆ ಕೈ ತೊಳೆಯದೆ ಪುಸ್ತಕ. ಒಂದು ಕಲೆಯೂ ಇಲ್ಲದಂತೆ ಕಾಪಾಡಿದ್ದನ್ನು ಕೊಳೆ ಮಾಡಲು ನಿಮ್ಮ ಜೀವ ಒಪ್ಪುವುದಿಲ್ಲ ಎಂದು ಗೊತ್ತು. ಆದರೂ ಒಂದೊಂದು ಸಂದಿನಲ್ಲೂ ಬೆರಳಿಟ್ಟು ನಿಲ್ಲಿ, ಏನಾಯಿತು ಎಂದು ನಿಮ್ಮನ್ನೇ ಕೇಳಿಕೊಳ್ಳಿ, ಆಮೇಲೆ ಮುಂದಿನ ಚೌಕಕ್ಕೆ ಹೋಗಿ. ನಿಮ್ಮ ಉತ್ತರ ನನಗೆ ಬೇಡ, ಬೆರಳಿನ ಕಲೆಯಷ್ಟೇ ಸಾಕು.

ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಹತ್ತೊಂಬತ್ತನೆಯ ಪುಟ ತೆಗೆಯುತ್ತೇನೆ. ಅಲ್ಲಿ ನಿಮ್ಮ ಬೆರಳಿದ್ದರೆ, ಅದರ ಮೇಲೆ ನನ್ನ ಬೆರಳಿಟ್ಟು, ಸಿಡಿಲಕ್ಕ ಕೈ ಬಿಟ್ಟಳೋ ಇಲ್ಲವೋ ಎಂದು ಅಜ್ಜಿಗೆ ಹೇಳುತ್ತೇನೆ.

ನಿಮ್ಮ,
ನೀಲವ್ವ ಸಂಶಿ
ಹಾಳೆಮನೆ, ಹುಬ್ಬಳ್ಳಿ