ಒಂದೇ ಕೋಟು

ಕಡೂರು, ನವೆಂಬರ್ ೧೪, ಶುಕ್ರವಾರ

ನಾಳೆ ತಂಗಿ ಸಂಗೀತಾಳ ಬಟ್ಟೆ ಅಂಗಡಿ ತೆರೆಯುತ್ತದೆ. ತರೀಕೆರೆಯ ಕೆಲಸ ಬಿಟ್ಟು, ಕೈಯಲ್ಲಿದ್ದ ಚಿನ್ನದ ಬಳೆ ಮಾರಿ ಬಾಡಿಗೆಗೆ ಹಿಡಿದ ಮಳಿಗೆ. ಅಲ್ಲಿ ಹಿಂದೆ ಎಸ್‌ಟಿಡಿ ಬೂತ್, ಸಿ.ಡಿ. ಅಂಗಡಿ, ಮೊಬೈಲ್ ರಿಪೇರಿ, ಬೇಕರಿ ಇದ್ದವು. ಯಾವುದೂ ನಿಲ್ಲಲಿಲ್ಲ.

ಸಂಜೆ ಷಟರ್ ಮೇಲೆ ಅವಳ ಹೆಸರು ಬರೆದಾಗ ಹಿಂದಿನಿಂದ ಬೇಕರಿಯ ಕೆಂಪು ಅಕ್ಷರ ಇಣುಕುತ್ತಿತ್ತು. ಇನ್ನೊಂದು ಕೋಟು ಬಣ್ಣ ಬಳಿಯಲು ಪೇಂಟರ್ ಈರಪ್ಪನಿಗೆ ಹೇಳಿದೆ.

"ಈ ಷಟರ್‌ಗೆ ಯಾವತ್ತೂ ಒಂದೇ ಕೋಟು ಕಣ್ರೀ. ದಪ್ಪ ಬಳಿದ್ರೆ ಆಮೇಲೆ ಕೆರೆಯೋನೂ ನಾನೇ ಅಲ್ವಾ?"

"ದಪ್ಪಕ್ಕೇ ಬಳಿಯಪ್ಪಾ, ನಾನೇನ್ ಹೋಗಲ್ಲ" ಎಂದು ಸಂಗೀತಾ ನಕ್ಕಳು. ನಗುತ್ತಲೇ ತನ್ನ ಬರಿದಾದ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಈರಪ್ಪ ಡಬ್ಬ ಮುಚ್ಚಿ ಹೊರಟೇಬಿಟ್ಟ.

ಈಗ ರಾತ್ರಿ ನಿದ್ದೆ ಬಾರದೆ, ಅನುವಾದಿತ ಕಾದಂಬರಿಯೊಂದರ ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದೇನೆ. ಬೆಳಿಗ್ಗೆ ಯಾರೂ ಬರುವ ಮೊದಲೇ ಹೋಗಿ, ಅವಳ ಹೆಸರಿನ ಸುತ್ತ ಆ ಇನ್ನೊಂದು ಕೋಟು ನಾನೇ ಬಳಿದುಬಿಡಲೇ? ಅಷ್ಟರಲ್ಲಿ ಒಣಗದೆ, ಷಟರ್ ಎತ್ತುವಾಗ ಬಣ್ಣ ಅವಳ ಹೆಸರಿಗೇ ಮೆತ್ತಿಕೊಂಡರೆ?