ಎರಡು ಬೆರಳಿನ ಬಲೆ

ಜೂನ್ 11, ಮಂಗಳವಾರ

ಬೆಳಿಗ್ಗೆ ಪೂಜೆಗೆ ಕೂತಾಗ ಕಂಡಿತು. ವಾಚಿನ ಪಟ್ಟಿಗೆ ಅಂಟಿಕೊಂಡಿದ್ದ ಒಂದು ಮೀನಿನ ಹುರುಪೆ. ಕಿರುಬೆರಳಿನ ಉಗುರಿನಷ್ಟೂ ಇಲ್ಲ. ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಸಣ್ಣ ಸುತ್ತುಗಳು. ಅವ್ವ ನೋಡುವ ಮೊದಲೇ ಕಿತ್ತು ಈ ನೋಟ್‌ಬುಕ್ಕಿನೊಳಗೆ ಹಾಕಿದೆ. ಹೇಗೆ ಬಂತೋ. ನಾನು ಮೀನು ಮುಟ್ಟಿದವಳಲ್ಲ.

ಕೆಲಸಕ್ಕೆ ಸೇರಿ ಇಪ್ಪತ್ತು ದಿನ. ಅವ್ವ ಪಕ್ಕದ ಮನೆಯ ಉಮಾಬಾಯಿಗೆ ‘ಸರ್ವೆ ಕೆಲಸ’ ಅಂತಷ್ಟೇ ಹೇಳಿದ್ದಾಳೆ. ಏನು ಸರ್ವೆ ಅಂತ ಅವರು ಕೇಳಿಲ್ಲ, ಇವಳು ಹೇಳಿಲ್ಲ. ನನ್ನ ಚಪ್ಪಲಿ ಈಗ ಅಂಗಳದಾಚೆ, ನಲ್ಲಿಯ ಹತ್ತಿರ. ಬಂದ ಕೂಡಲೇ ಸ್ನಾನ. ಕಲಬುರಗಿಗೆ ಹೋಗಿ ಎಂ.ಎ. ಕನ್ನಡ ಓದಿದ್ದು ಇದಕ್ಕೇ ಏನು ಎಂದು ಒಮ್ಮೆ ಕೇಳಿದಳು. ಆಮೇಲೆ ಕೇಳಲಿಲ್ಲ. ಜಹೀರಾಬಾದಿನಲ್ಲಿ ಕನ್ನಡ ಎಂ.ಎ.ಗೆ ಬೇರೆ ಕೆಲಸ ಇಲ್ಲ ಎನ್ನುವುದು ಅವಳಿಗೂ ಗೊತ್ತು.

ಹೈದರಾಬಾದಿನ ಕಂಪನಿಯೊಂದು ಸಮುದ್ರದ ಮೀನು, ಸಿಗಡಿ ಹೊರದೇಶಕ್ಕೆ ಕಳಿಸುತ್ತದೆ. ಪ್ಯಾಕೆಟ್ಟಿನ ಮೇಲೆ ಒಂದು ಹಸಿರು ಮುದ್ರೆ. ನೀರಿಗೆ, ಮೀನಿನ ಸಂತತಿಗೆ ಕೇಡಾಗದಂತೆ ಹಿಡಿದದ್ದು ಎಂದು ಅದರ ಅರ್ಥ. ಈಗ ಅದೇ ಮುದ್ರೆ ನ್ಯಾಲ್ಕಲ್ ಕಡೆಯ ಹಿನ್ನೀರಿನ ಮೀನಿಗೂ ಬೇಕಂತೆ. ಮೀನುಗಾರರು ಮಾತಾಡುವುದು ಕನ್ನಡ, ಅವರ ಸಹಕಾರ ಸೊಸೈಟಿಯ ಕಾಗದ ತೆಲುಗು, ಕಂಪನಿಯ ಫಾರ್ಮ್ ಇಂಗ್ಲಿಷ್. ನಡುವೆ ನಾನು.

ಫಾರ್ಮ್ ಸಮುದ್ರಕ್ಕೆ ಮಾಡಿದ್ದು. ಬದಲಾಯಿಸಿಲ್ಲ. ಡಾಲ್ಫಿನ್, ಕಡಲಾಮೆ, ಕಡಲ ಹಕ್ಕಿ ಬಲೆಗೆ ಬೀಳುತ್ತವೆಯೇ — ಇವತ್ತು ಬಾಲಮಣಿ ಎನ್ನುವ ಹೆಂಗಸಿಗೆ ಇದನ್ನು ಕೇಳಬೇಕಾಯಿತು. ಆಕೆ ನಗಲಿಲ್ಲ. ಯೋಚಿಸಿ ಹೇಳಿದಳು:

“ಒಮ್ಮೆ ಸರಪಂಚರ ಎಮ್ಮಿ ಬಿದ್ದಿತ್ತು ರಿ. ಬರಕೋರಿ.”

ಬರೆದುಕೊಳ್ಳಲಿಲ್ಲ. ಜೀಪಿನಲ್ಲಿ ಬರುವಾಗ ಒಬ್ಬಳೇ ನಕ್ಕೆ.

ಜೂನ್ 14, ಶುಕ್ರವಾರ

ಬಾಲಮಣಿ ಸೇರಿ ಹನ್ನೊಂದು ಹೆಂಗಸರು. ದೋಣಿ ಇಲ್ಲ. ದಂಡೆಯಲ್ಲಿ ಸೊಂಟದ ನೀರಿನ ತನಕ ಹೋಗಿ ಬಲೆ ಹಾಕುತ್ತಾರೆ. ಸೊಸೈಟಿಯಲ್ಲಿ ಅವರ ಓಣಿಯವರಿಗೆ ಸದಸ್ಯತ್ವ ಇಲ್ಲ. ಅದು ಬೇರೆ ಜಾತಿಯವರದು. ಇವರಿಗೆ ಮೀನು ಹಿಡಿಯಲು ವರ್ಷಕ್ಕೊಂದು ಪಾಸು, ಅಷ್ಟೇ. ಅವರ ಹೆಸರೂ ಪಟ್ಟಿಗೆ ಸೇರಿದರೆ ಮುದ್ರೆಯಿಂದ ಬರುವ ಹೆಚ್ಚಿನ ದರ ಅವರಿಗೂ ಸಿಗುತ್ತದೆ, ಎಂದರು ಅಮರನಾಥ ಸರ್, ನಮ್ಮ ಪ್ರಾಜೆಕ್ಟ್ ಕೋಆರ್ಡಿನೇಟರ್. ಆ ಮಾತು ನನಗೆ ಹಿಡಿಸಿತು.

ಬಾಲಮಣಿಯ ಮನೆಯ ಮುಂದೆ ಕೂತೆ. ಗೋಡೆಯ ಮೇಲೆ ಬುದ್ಧನ ಫೋಟೋ. ಗಂಡ ತುಳಸಿರಾಮ ಹರಿದ ಬಲೆ ಹೆಣೆಯುತ್ತಿದ್ದ. ಕೊರಮೀನು ಮರಿ ಮಾಡಿದಾಗ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಾಣುತ್ತದಂತೆ. ಕೆಳಗೆ ತಾಯಿ ತಂದೆ ಎರಡೂ ಕಾವಲು. ಆ ಹೊತ್ತಿನಲ್ಲಿ ಅವನ್ನು ಹಿಡಿಯುವುದು ಸುಲಭ. ಇವರು ಹಿಡಿಯುವುದಿಲ್ಲ. ಯಾಕೆ ಎಂದೆ. “ಮರಿ ಎದುರಿಗೆ ಹೆಂಗ ಹಿಡೀತಾರ ರಿ” ಎಂದಳು ಬಾಲಮಣಿ. ‘ಇತರೆ’ ಕಾಲಮ್ಮಿನಲ್ಲಿ ಬರೆದೆ.

ಬಲೆಯ ಕಣ್ಣಿನ ಅಳತೆ ಕೇಳಿದೆ. ಆಕೆ ಬಲೆಯ ತುದಿ ಎತ್ತಿ ನನ್ನ ಕಡೆ ಚಾಚಿದಳು. ಒದ್ದೆ ಬಲೆ. ವಾಸನೆ. ನಾನು ಪೆನ್ನನ್ನು ಒಂದು ಕೈಯಲ್ಲಿಟ್ಟು ಪ್ಯಾಡನ್ನು ಬಲೆಯ ಕಡೆಯ ಕೈಗೆ ಬದಲಾಯಿಸಿಕೊಂಡೆ, ಎರಡೂ ಕೈ ತುಂಬಿರುವ ಹಾಗೆ. ನೀವೇ ಹೇಳಿ ಸಾಕು ಎಂದೆ. ಎರಡು ಬೆರಳು ಎಂದಳು. ಬ್ಯಾಗಿನಲ್ಲಿ ಅಳತೆಯ ಟೇಪ್ ಇತ್ತು.

ಮನೆಯಲ್ಲಿ ನನ್ನ ಎರಡು ಬೆರಳನ್ನು ಸ್ಕೇಲಿನ ಮೇಲಿಟ್ಟು ನೋಡಿದೆ. ಮೂರು ಸೆಂಟಿಮೀಟರ್. ಹನ್ನೊಂದೂ ಫಾರ್ಮಿನಲ್ಲಿ 3 ಎಂದು ತುಂಬಿದೆ. ಎಲ್ಲರ ಬಲೆ ತುಳಸಿರಾಮನೇ ಹೆಣೆದದ್ದು.

ಜುಲೈ 3, ಬುಧವಾರ

ಮೀನು ಮರಿ ಮಾಡುವ ಕಾಲ. ಆಗಸ್ಟ್ ಕೊನೆಯ ತನಕ ಬಲೆ ಹಾಕುವ ಹಾಗಿಲ್ಲ. ಎಲ್ಲರ ಬಲೆ ಅಟ್ಟದ ಮೇಲೆ.

ಕಂಪನಿಗೆ ಪ್ಯಾಕೆಟ್ ಹಿಂದೆ ಹಾಕಲು ‘ಕಥೆ’ ಬೇಕಂತೆ. ಐವತ್ತು ಶಬ್ದ. ಫೋಟೋ ಬಾಲಮಣಿಯದು, ಜೂನಿನಲ್ಲಿ ತೆಗೆದದ್ದು — ನೀರಿನಲ್ಲಿ ನಿಂತು, ಬಲೆ ಹಿಡಿದು, ಹಿಂದೆ ಸೂರ್ಯ. ನಾನು ಬರೆದೆ. ‘ಆಕೆ ನೀರಿನಿಂದ ಬೇಕಾದಷ್ಟೇ ತೆಗೆದುಕೊಳ್ಳುತ್ತಾಳೆ’ ಎಂದು ಒಂದು ಸಾಲು. ಅಮರನಾಥ ಸರ್ ಫೋನ್ ಮಾಡಿ ಹೊಗಳಿದರು. ಸಾಹಿತ್ಯ ಓದಿದವರ ಕೈ ಬೇರೆ ಎಂದರು. ಖುಷಿಯಾಯಿತು. ಸುಳ್ಳು ಹೇಳಬಾರದು, ಬಹಳ ಖುಷಿಯಾಯಿತು.

ಆಗಸ್ಟ್ 22, ಗುರುವಾರ

ಕೊಚ್ಚಿಯಿಂದ, ಮುದ್ರೆ ಕೊಡುವ ಸಂಸ್ಥೆಯ ಆಡಿಟರ್ ಮೇಡಂ ಬಂದು ಹೋದರು. ಬಲೆಗಳು ನೀರಿನಲ್ಲಿ ಇಲ್ಲದ ಕಾಲ. ಕಾಗದ ನೋಡಿದರು. ಹನ್ನೊಂದು ಫಾರ್ಮಿಗೆ ಕೆಂಪು ಗುರುತು. ಬಲೆಯ ಕಣ್ಣು ಐದು ಸೆಂಟಿಮೀಟರಿಗಿಂತ ಕಡಿಮೆ ಇರಬಾರದು. ಇವು ಮೂರು. ಮರಿಮೀನು ಹಿಡಿಯುವ ಬಲೆ. ಇದು ಸರಿಯಾಗುವ ತನಕ ಯಾರಿಗೂ ಮುದ್ರೆ ಇಲ್ಲ.

ಕೊರಮೀನಿನ ಸಾಲಿನ ಪಕ್ಕದಲ್ಲಿ ‘ಲಿಖಿತ ಪುರಾವೆ?’ ಎಂದು ಬರೆದಿದ್ದಾರೆ.

ಸೊಸೈಟಿಯ ಅಧ್ಯಕ್ಷರು ಬೇಸರಪಟ್ಟುಕೊಳ್ಳಲಿಲ್ಲ. ಗಮನಿಸಿದೆ. ನಾವು ಮೊದಲೇ ಹೇಳಿದ್ದೆವಲ್ಲ, ಆ ಓಣಿಯವರಿಂದ ನೀರು ಹಾಳು, ಎಂದರು. ಟೀ ತರಿಸಿದರು.

ಸೆಪ್ಟೆಂಬರ್ 9, ಸೋಮವಾರ

ಬಲೆಗಳನ್ನು ಸುಟ್ಟರು.

ಪಂಚಾಯತಿಯ ಮುಂದೆ, ಸೊಸೈಟಿಯವರು. ಹನ್ನೊಂದು ಬಲೆ, ಒಂದರ ಮೇಲೊಂದು. ಆಡಿಟಿನ ಪುರಾವೆಗೆ ವಿಡಿಯೋ ಬೇಕಿತ್ತು. ಅಮರನಾಥ ಸರ್ ಫೋನ್ ಹಿಡಿದಿದ್ದರು. ನೈಲಾನ್ ಉರಿಯುವುದಿಲ್ಲ. ಕರಗುತ್ತದೆ, ಕಪ್ಪಾಗಿ ಹನಿಯುತ್ತದೆ. ಹೊಗೆಗೆ ಎಲ್ಲರೂ ಹಿಂದೆ ಸರಿದರು, ಆ ಹೆಂಗಸರು ಸರಿಯಲಿಲ್ಲ. ಪಾಸುಗಳನ್ನೂ ವಾಪಸು ತೆಗೆದುಕೊಂಡಿದ್ದಾರೆ.

ಬಾಲಮಣಿ ನನ್ನ ಹತ್ತಿರ ಬಂದಳು. ಜಗಳದ ದನಿ ಅಲ್ಲ. ನಿಜಕ್ಕೂ ತಿಳಿದುಕೊಳ್ಳುವ ಹಾಗೆ.

“ಅಕ್ಕೋರ, ಕಾಗದದಾಗ ನೀವು ಏನು ಬರದಿದ್ರಿ?”

“ನೀವು ಹೇಳಿದ್ದೇ.”

ಆಕೆ ತಲೆಯಾಡಿಸಿದಳು.

ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದೆ. ಹೊಗೆ ಕೂದಲಿನಿಂದ ಹೋಗಲಿಲ್ಲ. ಮೀನಿನ ವಾಸನೆ ಅಲ್ಲವಲ್ಲ, ಅವ್ವ ಏನೂ ಅನ್ನಲಿಲ್ಲ.

ಅಕ್ಟೋಬರ್ 24, ಗುರುವಾರ

ಆರು ವಾರದಿಂದ ಇದರಲ್ಲಿ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ ಅನ್ನಲಾರೆ.

ಇವತ್ತು ನ್ಯಾಲ್ಕಲ್ ಜೀಪಿನಲ್ಲಿ ಕಾಂತಾಬಾಯಿ ಸಿಕ್ಕಳು. ಹನ್ನೊಂದು ಜನರಲ್ಲಿ ಒಬ್ಬಳು. ಈಗ ಹತ್ತಿ ಬಿಡಿಸಲು ಹೋಗುತ್ತಾಳೆ. ಅವಳೇ ಹೇಳಿದ್ದು. ಬಾಲಮಣಿ, ತುಳಸಿರಾಮ ಇಬ್ಬರೂ ತಾಂಡೂರಿಗೆ ಹೋಗಿದ್ದರಂತೆ, ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೆ. ಹನ್ನೆರಡನೇ ದಿನ ಪರಸಿ ಕಲ್ಲಿನ ಚಪ್ಪಡಿ ಇಳಿಸುವಾಗ ಜಾರಿ ಅವನ ಬಲಗಾಲಿನ ಮೇಲೆ ಬಿತ್ತು. ಪಾದದ ಮುಂಭಾಗ ತೆಗೆದಿದ್ದಾರೆ.

“ನೀರಾಗ ಹುಟ್ಟಿದ ಮನಶ್ಯಾ ರಿ ಅಂವಾ. ಕಲ್ಲಿನ ಕೆಲಸ ಅವ್ಗೇನು ಗೊತ್ತು” ಎಂದಳು. ನ್ಯಾಲ್ಕಲ್ ಬರುವ ತನಕ ಇಬ್ಬರೂ ಹೊರಗೆ ನೋಡುತ್ತ ಕೂತೆವು.

ಆಫೀಸಿನಲ್ಲಿ ಪ್ಯಾಕೆಟ್ಟಿನ ಸ್ಯಾಂಪಲ್ ಬಂದಿದೆ. ಹಿಂದುಗಡೆ ಬಾಲಮಣಿ, ಸೂರ್ಯ, ನನ್ನ ಸಾಲು.

ನವೆಂಬರ್ 18, ಸೋಮವಾರ

ಹೊಸದಾಗಿ ಸೇರಿದ ಸರಿತಾಳಿಗೆ ಟ್ರೇನಿಂಗ್ ವಿಡಿಯೋ ತೋರಿಸಲು ಹೇಳಿದ್ದರು. ಜೊತೆಗೆ ನಾನೂ ಕೂತೆ. ನಾನು ಸೇರಿದಾಗ ಯಾರೂ ತೋರಿಸಿರಲಿಲ್ಲ.

ಬಲೆಯ ಕಣ್ಣನ್ನು ಅಳೆಯುವುದು ಹೇಗೆ. ಎದುರುಬದುರಿನ ಎರಡು ಗಂಟು ಹಿಡಿದು, ಕಣ್ಣು ಪೂರ್ತಿ ಮುಚ್ಚುವ ತನಕ ಎಳೆದು, ಆ ಉದ್ದ ಬರೆಯಬೇಕು. ಹೆಣೆಯುವವರು ಹೇಳುವುದು ಒಂದು ಗಂಟಿನಿಂದ ಪಕ್ಕದ ಗಂಟಿನ ಅಳತೆ — ಅದು ಅರ್ಧ ಮಾತ್ರ, ಅದನ್ನು ಬರೆಯಬೇಡಿ. ಹೀಗೇ ಹೇಳಿತು ವಿಡಿಯೋ. ಸರಿತಾ ನೋಟ್ಸ್ ಮಾಡಿಕೊಂಡಳು.

ತುಳಸಿರಾಮ ಎರಡು ಬೆರಳನ್ನು ನಡುವೆ ಇಟ್ಟು ಗಂಟು ಹಾಕುತ್ತಿದ್ದ. ನಾನು ನೋಡಿದ್ದೆ. ಎಳೆದಿದ್ದರೆ ಆರು ದಾಟುತ್ತಿತ್ತು.

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಸಂಜೆ ಅಮರನಾಥ ಸರ್‌ಗೆ ಹೇಳಿದೆ. ಎರಡು ಸಲ ಹೇಳಬೇಕಾಯಿತು. ಅವರು ಸಿಟ್ಟಾಗಲಿಲ್ಲ. ಬಾಗಿಲು ಮುಂದೆ ಮಾಡಿ ಕೂತರು.

“ಮುಚ್ಚಿದ ಫೈಲ್ ತೆಗೀಬ್ಯಾಡ್ರಿ ಪ್ರೇಮಲಾ. ಸೊಸೈಟಿದು ನಲವತ್ತು ಮನಿ ಈ ಮುದ್ರೆ ಮ್ಯಾಲ ಆಸೆ ಇಟ್ಕೊಂಡು ಕುಂತಾವ. ಅವ್ರೂ ಬಡವ್ರೇ. ಹನ್ನೊಂದು ಮಂದಿ ಸಲುವಾಗಿ ಅವ್ರ ಬಾಯಾಗ ಮಣ್ಣು ಹಾಕ್ತೀರೇನು?”

ಆಮೇಲೆ, ಮೆತ್ತಗೆ:

“ಅಳತಿ ತಪ್ಪಂತೀರಿ. ಆತು. ಬಲಿ ಎಲ್ಲಿ ಅದಾವ, ತೋರಸ್ರಿ.”

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ನಲವತ್ತು ಮನೆ. ಬಡವರೇ. ಬಲೆಯೂ ಇಲ್ಲ.

ನವೆಂಬರ್ 19, ಮಂಗಳವಾರ

ರಜೆ ಹಾಕಿ ಹೋದೆ. ತುಳಸಿರಾಮ ಹೊರಸಿನ ಮೇಲೆ, ಕಾಲಿಗೆ ಬಟ್ಟೆ ಸುತ್ತಿದೆ. ನನ್ನನ್ನು ನೋಡಿ ಗೋಡೆಯ ಕಡೆ ತಿರುಗಿದ. ಬಾಲಮಣಿ ಚಹಾ ಕೊಟ್ಟಳು. ಜೂನಿನಲ್ಲಿಯೂ ಕೊಡಲು ಬಂದಿದ್ದಳು, ಮನೆಯಿಂದ ಕುಡಿದು ಬಂದಿದ್ದೇನೆ ಎಂದಿದ್ದೆ. ಇವತ್ತು ಕುಡಿದೆ. ಆಮೇಲೆ ಹೇಳಿದೆ, ಗಂಟಿನ ಲೆಕ್ಕ, ಐದು ಸೆಂಟಿಮೀಟರ್, ಎಲ್ಲ. ಹೇಳುವಾಗ ನೆಲ ನೋಡುತ್ತಿದ್ದೆ.

ಬಾಲಮಣಿ ನನ್ನ ಕೈಯಿಂದ ಖಾಲಿ ಬಟ್ಟಲು ತೆಗೆದುಕೊಂಡಳು.

“ಹಂಗಾದ್ರ ನಮ್ಮ ಬಲಿ ಬರೋಬರಿ ಇತ್ತು.”

“ಇತ್ತು.”

“ಅವತ್ತು ನಿಮ್ಮ ಕೈಗೇ ಕೊಟ್ಟಿದ್ದೆ. ನೀವು ಹಿಡೀಲಿಲ್ಲ.”

ಆಕೆಗೆ ನೆನಪಿತ್ತು. ಐದು ತಿಂಗಳಿಂದ ನೆನಪಿತ್ತು. ಪ್ಯಾಡ್ ಬದಲಾಯಿಸಿದ್ದನ್ನು ನಾನೊಬ್ಬಳೇ ನೋಡಿದ್ದೇನೆ ಅಂದುಕೊಂಡಿದ್ದೆ.

ಏಳುವಾಗ ಕಂಡಿತು. ಅಂಗಳದ ಮೂಲೆಯಲ್ಲಿ ಕೋಳಿಮರಿಯ ಬುಟ್ಟಿ, ಬಾಯಿಗೆ ಬಲೆಯ ತುಂಡು ಕಟ್ಟಿದೆ. ಹರಿದದ್ದೆಂದು ಮೊದಲೇ ಕತ್ತರಿಸಿ ತೆಗೆದದ್ದಂತೆ, ಸುಟ್ಟ ಆ ಬಲೆಯದೇ. ಟೇಪ್ ತೆಗೆದೆ. ಕೈಯಲ್ಲಿ ಹಿಡಿದೆ. ಎರಡು ಗಂಟು ಹಿಡಿದು ಎಳೆದೆ. ಆರು ಪಾಯಿಂಟ್ ನಾಲ್ಕು. ಇನ್ನೊಂದು ಕಣ್ಣು, ಆರೂವರೆ. ಮತ್ತೊಂದು, ಆರು ಪಾಯಿಂಟ್ ನಾಲ್ಕು.

ಗೋಡೆಯ ಕಡೆ ಮುಖ ಮಾಡಿದ್ದ ತುಳಸಿರಾಮ ಆಗ ಮಾತಾಡಿದ. ಒಂದೇ ಮಾತು.

“ನಂದು ಎಂದೂ ಕಮ್ಮಿ ಬರಲ್ಲ.”

ಬಾಲಮಣಿ ಬುಟ್ಟಿಯಿಂದ ತುಂಡು ಬಿಚ್ಚಿ ಕೊಟ್ಟಳು. “ಒಯ್ರಿ. ಮರಿಗಿ ಬ್ಯಾರೆ ಏನರ ಮುಚ್ಚತೀನಿ.” ಕ್ಷಮಿಸಿದ ಹಾಗಿರಲಿಲ್ಲ. ಸಾಮಾನು ಕೊಟ್ಟ ಹಾಗಿತ್ತು.

ನವೆಂಬರ್ 20, ಬುಧವಾರ, ಸಂಜೆ 7

ನಾಳೆ ಆಡಿಟರ್ ಮೇಡಂ ಕೊನೆಯ ಸಲ ಬರುತ್ತಾರೆ. ಹನ್ನೊಂದು ಗಂಟೆಗೆ ಸೊಸೈಟಿ ಆಫೀಸಿನಲ್ಲಿ. ಪ್ಯಾಕೆಟ್ಟಿನ ಮೇಲಿರುವ ಹೆಂಗಸನ್ನೂ ಮಾತಾಡಿಸಬೇಕಂತೆ. ಬಾಲಮಣಿಯನ್ನು ಕರೆಸುತ್ತಿದ್ದಾರೆ. ಸಣ್ಣ ಕಣ್ಣಿನ ಬಲೆ ಬಿಟ್ಟೆವು ಎನ್ನಬೇಕೆಂದು ಆಕೆಗೆ ಅಮರನಾಥ ಸರ್ ಹೇಳಿಕೊಟ್ಟಿದ್ದಾರೆ. ಅನುವಾದ ನನ್ನದು. “ಇದ್ದದ್ದಷ್ಟೇ ಹೇಳ್ರಿ, ಹೆಚ್ಚಿಗಿ ಬ್ಯಾಡ” ಎಂದರು ಫೋನಿನಲ್ಲಿ. ಸರಿ ಸರ್ ಎಂದೆ.

ನಲವತ್ತು ಮನೆಗಳನ್ನು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಮುದ್ರೆ ತಡವಾಗಬಹುದು, ನಿಲ್ಲಲೂಬಹುದು. ಅವರೆದುರಿಗೆ ಮತ್ತೆ ಆ ದಂಡೆಯಲ್ಲಿ ಓಡಾಡಲು ನನ್ನಿಂದ ಆಗದು. ಕೆಲಸ ಅಂತೂ ಹೋಗುತ್ತದೆ. ತುಳಸಿರಾಮನ ಪಾದ ಬರುವುದಿಲ್ಲ. ಇಷ್ಟೆಲ್ಲ ಬರೆದು ನೋಡಿದ ಮೇಲೂ, ನಾಳೆ ಹೇಳುವುದು ಬಿಟ್ಟು ಬೇರೆ ದಾರಿ ಕಾಣಲಿಲ್ಲ.

ಬಲೆಯ ತುಂಡು ಮೇಜಿನ ಮೇಲಿದೆ, ಪುಸ್ತಕಗಳ ಪಕ್ಕ. ಒಣಗಿದರೂ ವಾಸನೆ ಇದೆ. ಅವ್ವ ಬಾಗಿಲಲ್ಲಿ ನಿಂತು, ಏನದು ಎಂದಳು. ಮೀನಿನ ಬಲೆ ಎಂದೆ. ಉಮಾಬಾಯಿ ಅಂಗಳದಲ್ಲೇ ಇದ್ದರು, ಕೇಳಿಸಿರಬೇಕು. ಅವ್ವ ಹೋಗಿ ದೇವರ ಮನೆಯ ಬಾಗಿಲು ಹಾಕಿದಳು. ನನ್ನ ಕೋಣೆಯದನ್ನು ಹಾಕಲಿಲ್ಲ.

ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ನಾಲ್ಕೇ ವಾಕ್ಯ. ಆ ಅಳತೆ ಬರೆದವಳು ನಾನು. ನಾನು ಬಲೆ ಮುಟ್ಟಿರಲಿಲ್ಲ. ಆಕೆ ಕೊಟ್ಟಿದ್ದಳು. ಇದು ಆ ಬಲೆ. ಬಾಲಮಣಿ ಬಾಯಿ ತೆರೆಯುವ ಮೊದಲೇ ಹೇಳಿಬಿಡಬೇಕು, ಹೇಳಿಕೊಟ್ಟದ್ದನ್ನು ಆಕೆ ಹೇಳಬೇಕಾಗಿ ಬರಬಾರದು.

ಕೊನೆಯ ವಾಕ್ಯಕ್ಕೆ ತುಂಡನ್ನು ಮೇಜಿನ ಮೇಲೆ ಇಡುವುದಿಲ್ಲ. ಮೇಡಂ ಕೈಗೇ ಕೊಡುತ್ತೇನೆ. ಟೇಪ್ ಕೂಡ. ಅವರು ಹಿಡಿಯದಿದ್ದರೆ —